ಕೂಳೆ

ಕೈಬರಹ ನನ್ನದೇ, ಅನುಮಾನವಿಲ್ಲ.
'ಆರ್' ಅಕ್ಷರದ ಬಾಲವನ್ನು ಗೆರೆಯಾಚೆ ಎಳೆಯುವ ಚಾಳಿ
ಆಗಲೂ ಇತ್ತು.
ಎಂಬತ್ತನಾಲ್ಕರ ಫೆಬ್ರವರಿ, ಕಬ್ಬು ಕಡಿಯುವ ಕಾಲ,
ಗಿರಣಿಯ ಮಸಿ ಕಿಟಕಿಯಿಂದ ಹಾರಿಬಂದು
ಹಸಿ ಶಾಯಿಯ ಮೇಲೆ ಕೂತಿತ್ತು. ಊದಿದೆ, ಹೋಗಲಿಲ್ಲ.
ನೋಡಿ, ಹೆಸರಿನ ಪಕ್ಕ ಇನ್ನೂ ಇದೆ,
ಕೂಸಿನ ಕೆನ್ನೆಗಿಟ್ಟ ದೃಷ್ಟಿಬೊಟ್ಟಿನಂತೆ.

ಮಿರ್ಲಾಂದ್.
ಅಪ್ಪ ಹಯ್ತಿಯವನು, ಬಾಯೊಳಗೇ ಹೆಸರು ಹೇಳಿದ,
ಕೇಳಿಸಿದಷ್ಟನ್ನು ಬರೆದೆ:
ದ್ಯೂದೊನೆ ಹೋಗಿ ದೊನ್ಯೆ ಆಯಿತು.
ಒಂದು ವಂಶದ ಹೆಸರನ್ನು ಹಾಗೆ
ಯಾವ ತಿದ್ದುಪಡಿಯೂ ಇಲ್ಲದೆ ಬದಲಿಸಿಬಿಟ್ಟೆ,
ಇಪ್ಪತ್ತು ವರ್ಷದ ಹುಡುಗಿ, ಉಗುರಿಗೆ ಕೆಂಪು ಹಚ್ಚಿಕೊಂಡವಳು.
ಅವನು ಗಿರಣಿಯ ಚೀಟಿ ತೋರಿಸಿದ. ಆಗ ಅದು ಸಾಕಿತ್ತು.
ಹೋಗುವಾಗ ಮೇಜಿನ ಮೇಲೆ
ಸಿಪ್ಪೆ ಹೆರೆದ ಗೇಣುದ್ದದ ಕಬ್ಬು ಇಟ್ಟು ಹೋದ.

ಈಗ ಕಿಟಕಿಯಾಚೆ ಅವಳೇ ನಿಂತಿದ್ದಾಳೆ,
ಇಪ್ಪತ್ತೊಂಬತ್ತು ವರ್ಷ, ಹೊಟ್ಟೆಯ ಮೇಲೆ ಒಂದು ಕೈ.
ಜನನಪತ್ರದ ನಕಲು ಬೇಕು, ಅಷ್ಟೆ.
ಕಂಪ್ಯೂಟರು ಕೊಡಬೇಡ ಅನ್ನುತ್ತದೆ.
ಮೂರು ವರ್ಷದ ಹಿಂದೆ ಸಾಂತೋ ದೊಮಿಂಗೋದಲ್ಲಿ
ಸಂವಿಧಾನಕ್ಕೆ ಒಂದು ಮಾತು ಸೇರಿಸಿದರು:
ಕಾಗದವಿಲ್ಲದವರ ಕೂಸು ಈ ನೆಲದ್ದಲ್ಲ.
ಸರಿ, ಅದು ಮುಂದೆ ಹುಟ್ಟುವವರ ಪಾಡು ಅಂದುಕೊಂಡೆ.
ಈ ಸೆಪ್ಟೆಂಬರಿನಲ್ಲಿ ನ್ಯಾಯಾಲಯ
ಹಳೆಯ ಪದವೊಂದರ ತುದಿ ಹಿಡಿದು ಹಿಂದಕ್ಕೆ ಎಳೆಯಿತು,
ಸಾವಿರದ ಒಂಬೈನೂರ ಇಪ್ಪತ್ತೊಂಬತ್ತರವರೆಗೆ:
ದಾರಿಹೋಕರು.
ದಾರಿಹೋಕರ ಮಕ್ಕಳು ಎಂದೂ ನಮ್ಮವರಾಗಿರಲಿಲ್ಲವಂತೆ.

ಮಿರ್ಲಾಂದಳ ಅಪ್ಪ ದಾರಿಹೋಕ.
ಮೂವತ್ತೆಂಟು ಸುಗ್ಗಿ, ಒಂದೇ ಬ್ಯಾರಕ್ಕು, ಒಂದೇ ಬಾಗಿಲು.
ಎಡಗೈ ಹೆಬ್ಬೆರಳು ಕತ್ತಿಗೆ ಹೋದದ್ದು ಅಲ್ಲೇ,
ಅವನನ್ನು ಹೂತದ್ದೂ ಅಲ್ಲೇ, ಕಬ್ಬಿನ ರೈಲುಹಳಿಯ ಬದಿಗೆ.
ಎಂಥ ನಿಧಾನದ ದಾರಿಯಪ್ಪಾ ಅದು!

ಕಬ್ಬು ಕಂಡವರಿಗೆ ಗೊತ್ತು:
ಒಮ್ಮೆ ನೆಟ್ಟರೆ, ಕಡಿದ ಮೇಲೂ ಬುಡ ಸುಮ್ಮನಿರುವುದಿಲ್ಲ.
ಕೂಳೆ ಚಿಗುರುತ್ತದೆ.
ಮರುವರ್ಷ, ಅದರ ಮರುವರ್ಷ, ಯಾರೂ ನೆಡದೆ.
ಮೊದಲ ತುಂಡು ಯಾವ ಗಡಿ ದಾಟಿ ಬಂತೆಂದು
ಗಿರಣಿ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಇದನ್ನೆಲ್ಲ ಅವಳಿಗೆ ಹೇಳಲಿಲ್ಲ.
ಹೇಳಿದ್ದು ಇಷ್ಟೇ: ಯಂತ್ರ ಒಪ್ಪುತ್ತಿಲ್ಲಮ್ಮ, ಮುಂದಿನ ಗುರುವಾರ ಬಾ.
ಕಳೆದ ಗುರುವಾರವೂ ಅದನ್ನೇ ಹೇಳಿದ್ದೆ.
ಜಗಳವಾಡುತ್ತಾಳೆಂದು ಕಾದೆ. ಆಡಲಿಲ್ಲ.
'ಗ್ರಾಸ್ಯಾ' ಅಂದಳು,
ನಾವೆಲ್ಲ ನುಂಗುವಂತೆಯೇ
ಕೊನೆಯ ಅಕ್ಷರ ನುಂಗಿ.

ನನ್ನ ಅಜ್ಜ ತೊರ್ತೋಲಾ ದ್ವೀಪದಿಂದ ಹಾಯಿಹಡಗಿನಲ್ಲಿ
ಒಂದೇ ಸುಗ್ಗಿಗೆಂದು ಬಂದವನು, ಇದೇ ಸಾನ್ ಪೆದ್ರೋಗೆ,
ಕಬ್ಬು ಕಡಿಯಲಿಕ್ಕೆ. ಹಿಂತಿರುಗಲಿಲ್ಲ.
ಫ್ರೆಟ್ ಅಂತ ಅವನ ಹೆಸರು,
ಯಾರೋ ಗುಮಾಸ್ತ ಕೇಳಿಸಿದಂತೆ ಬರೆದ: ಫ್ರೇತೆ.
ಅವನ ಕೈಯಲ್ಲಿ ಯಾವ ಚೀಟಿ ಇತ್ತೋ, ಯಾರು ಕೇಳಿದರೋ.
ಅಪ್ಪ ಹುಟ್ಟಿದ್ದು ಇಪ್ಪತ್ತೆಂಟರಲ್ಲಿ.
ಲೆಕ್ಕ ಹಾಕಿ:
ಒಂದು ವರ್ಷದಿಂದ ನಾನು ಈ ದೇಶದವಳು.

ಬಾಗಿಲು ಹಾಕುವ ಮುನ್ನ ಆ ಪುಟ ಮತ್ತೆ ತೆರೆದು
ಮಸಿಯ ಚುಕ್ಕೆಯನ್ನು ಉಗುರಿನಿಂದ ಕೆರೆದೆ.
ಯಾಕೆಂದು ಕೇಳಬೇಡಿ.
ಚುಕ್ಕೆ ಹೋಗಲಿಲ್ಲ,
ಕಾಗದ ತುಸು ತೆಳುವಾಯಿತು.