ಖರಾಬು, ಹದಿಮೂರು ಗುಂಟೆ

ಶ್ರೀನಿವಾಸಪುರ ದಾಟಿ, ಮಾವಿನ ತೋಪು ಮುಗಿದು
ಬಂಡೆಗಳು ಶುರುವಾಗುವಲ್ಲಿ ಬುರುಗುಪಲ್ಲಿ.
ಕೆರೆ ಏರಿಯ ಕೆಳಗೆ, ತೂಬು ಸರಿಯಾಗಿ ಕಚ್ಚದೆ
ಎಷ್ಟೋ ಕಾಲದಿಂದ ಜಿನುಗುವ ನೀರು
ಹೋಗಲು ದಾರಿಯಿಲ್ಲದೆ ಕೂತಲ್ಲಿ
ಆಪು, ಜೇಕು, ನೈದಿಲೆ.
ಪಹಣಿಯಲ್ಲಿ ಅದರ ಹೆಸರು ಖರಾಬು.
ಹದಿಮೂರು ಗುಂಟೆ. ಬೆಳೆ: ಇಲ್ಲ.

ನಾನು ಅಳೆಯಲು ಹೋದವನು.
ಸಮುದಾಯ ಭವನಕ್ಕೆ ಜಾಗ ಬೇಕಿತ್ತು,
ಅರ್ಜಿಯ ಕೆಳಗೆ ಹನ್ನೊಂದು ಸಹಿ, ನಾಲ್ಕು ಹೆಬ್ಬೆಟ್ಟು.
ಮೂವತ್ತಮೂರು ಅಡಿಯ ಸರಪಳಿ, ಹದಿನಾರಾಣೆ ಲೆಕ್ಕ,
ಇನ್ನೊಂದು ತುದಿಗೆ ಬಚ್ಚಪ್ಪ.
ನಾಲ್ಕನೇ ಹೆಜ್ಜೆಗೆ ಅವನ ಎಡಗಾಲಿನ ಚಪ್ಪಲಿ
ಕೆಸರು ನುಂಗಿತು.
ಕೈ ಹಾಕಿದ, ಮೊಣಕೈವರೆಗೆ.
ಬಂದದ್ದು ಒಂದು ಬಸವನಹುಳು,
ಅದೂ ಬಾಗಿಲು ಹಾಕಿಕೊಂಡು.

ಸೊಪ್ಪು ಕೀಳುತ್ತಿದ್ದ ಪಿಳ್ಳಮ್ಮ ನಕ್ಕಳು.
ಎತ್ತಿ ಸಿಕ್ಕಿಸಿದ ಸೀರೆ, ಮಡಿಲಲ್ಲಿ ಹೊನಗೊನೆ, ಒಂದೆಲಗ.
"ಮೊನ್ನೆ ಎಮ್ಮೆ ಗೂಟಾನೇ ಹೋಯ್ತು ಕಣಪ್ಪ,
ನಿನ್ ಚಪ್ಲಿ ಯಾವ ಲೆಕ್ಕ.
ಅತ್ತಾಗೆ ತುಳೀಬ್ಯಾಡ, ಆಯಪ್ಪ ಕೂತವ್ನೆ."

ಆಯಪ್ಪ ಅಂದರೆ ದೇವನಕ್ಕಿ.
ಕಂಚಿನ ರೆಕ್ಕೆ, ಹುಬ್ಬಿಗೆ ಎಳೆದ ಬಿಳಿ ಗೀಟು,
ಕಾಲಿಗೆ ಒಪ್ಪದಷ್ಟು ಉದ್ದದ ಬೆರಳು.
ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗಿದ್ದಾಳೆ,
ಆಚೆ ಆಪಿನಲ್ಲಿ ಇನ್ನೊಬ್ಬನ ಜೊತೆ ಸಂಸಾರ;
ಇವನು ಇಲ್ಲಿ, ತೇಲುವ ನಾಲ್ಕು ಕಡ್ಡಿಯ ಮೇಲೆ, ಕಾವಿಗೆ.
ನಮ್ಮನ್ನು ಕಂಡು ಎದ್ದ. ಹಾರಲಿಲ್ಲ, ನಡೆದ,
ಎರವಲು ಚಪ್ಪಲಿ ಮೆಟ್ಟಿದವನ ಹಾಗೆ
ಕಾಲು ಎತ್ತೆತ್ತಿ ಇಡುತ್ತ
ನೀರಿನ ಮೇಲೆ.

ನಾಲ್ಕು ಮೊಟ್ಟೆ.
ಹೊಳೆಯುವ ಕಂದು, ಮೇಲೆಲ್ಲ ಕಪ್ಪು ಗೀಚು,
ಸುತ್ತಿ, ಸಿಕ್ಕಾಗಿ, ಎಲ್ಲೂ ಲೇಖನಿ ಎತ್ತದೆ.
ರೆಕಾರ್ಡ್ ರೂಮಿನ ಗೆದ್ದಲು ತಿಂದ ಕಡತದಲ್ಲಿ
ಹಳೇ ಶಾನುಭೋಗರ ಮೋಡಿ ಹೀಗೇ ಇರುತ್ತದೆ.
ಅದನ್ನೂ ನನಗೆ ಓದಲು ಬರುವುದಿಲ್ಲ.
ಯಾರದೋ ಹಕ್ಕು ಬರೆದಿದೆ ಎಂದಷ್ಟೇ ಗೊತ್ತಾಗುತ್ತದೆ.

ಗೂಡು ಆವತ್ತು ನಲವತ್ತೇಳನೇ ನಂಬರಿನಲ್ಲಿತ್ತು.
ರಾತ್ರಿ ಮಳೆ ಬಂತು. ಮರುದಿನ ಹೋದರೆ
ನಲವತ್ತೆಂಟಕ್ಕೆ ಬಂದು ನಿಂತಿದೆ,
ಮೊಟ್ಟೆ ನಾಲ್ಕೂ, ಮೇಲೆ ಕೂತವನೂ ಸಮೇತ.
ಪೋಡಿ ಇಲ್ಲ, ನೋಟೀಸಿಲ್ಲ, ಬಾಜುದಾರರ ಒಪ್ಪಿಗೆಯಿಲ್ಲ.
ಬಾಂದುಕಲ್ಲಿನ ಮೇಲೆ ಮಿಂಚುಳ್ಳಿ,
ಒದ್ದಾಡುವ ಮೀನನ್ನು ಸರ್ಕಾರದ ಕಲ್ಲಿಗೇ ಬಡಿಯುತ್ತ.
ಗುಳುಮುಳುಕ ಒಂದು ಇಲ್ಲಿ ಮುಳುಗಿ
ಎಲ್ಲಿ ಎದ್ದಿತೋ,
ನಾವು ಮೂವರೂ ಬೇರೆ ಬೇರೆ ಕಡೆ ನೋಡುತ್ತ ನಿಂತೆವು.

ಮಧ್ಯಾಹ್ನ ಚಂಗಲರಾಯಪ್ಪನವರು ಬಂದರು, ಕೊಡೆ ಹಿಡಿದು.
"ಎರಡು ದಿನ ಮಣ್ಣು ಹೊಡೆಸಿದರೆ ಮುಗೀತು ಸಾರ್.
ಏನಿದೆ ಇಲ್ಲಿ? ಸೊಳ್ಳೆ."
ಸೊಳ್ಳೆ ಇತ್ತು, ಹದಿನಾರಾಣೆ ನಿಜ.
ಅದನ್ನೇ ಹಿಡಿಯುತ್ತ ಅವರ ಕೊಡೆಯ ಸುತ್ತ
ಕೆಂಪು ಏರೋಪ್ಲೇನ್ ಚಿಟ್ಟೆಗಳು ತಿರುಗುತ್ತಿದ್ದವು.
ನಾನು ಏನೂ ಹೇಳಲಿಲ್ಲ. ಹೇಳಬಹುದಿತ್ತು.
ನನ್ನ ಮಗಳ ಮದುವೆ ಮಾಡಿದ್ದೂ ಅಂಥದೇ ಒಂದು ಭವನದಲ್ಲಿ,
ಯಾವುದರ ಮೇಲೆ ಕಟ್ಟಿದ್ದೋ.
ಊಟ ಚೆನ್ನಾಗಿತ್ತು.

ಷರಾ ಕಾಲಮ್ಮಿನಲ್ಲಿ ಬರೆದೆ:
ನೀರಿರುವ ಕಾರಣ ಸರಪಳಿ ಹಾಯಲಿಲ್ಲ.

ಫೈಲು ಮೇಲೆ ಹೋದ ಮೇಲೆ ಒಂದು ಸಂಜೆ
ಕೆಲಸವಿಲ್ಲದೆ ಏರಿಯ ಮೇಲೆ ಬೈಕು ನಿಲ್ಲಿಸಿದೆ.
ಆಯಪ್ಪ ರೆಕ್ಕೆ ಒತ್ತಿ ಹಿಡಿದು ಓಡಿದ;
ಕಂಕುಳಿನಿಂದ ಅವನದಲ್ಲದ ಕಾಲುಗಳು ನೇತಾಡುತ್ತಿದ್ದವು.
ಎಂಟಿರಬೇಕು. ಆರು ಎಣಿಸಿದೆ.
ನೀರೊಳ್ಳೆಯೊಂದು ತಲೆಯಷ್ಟೇ ಮೇಲಿಟ್ಟು
ಏನೂ ಗೊತ್ತಿಲ್ಲದಂತೆ ಹೋಗುತ್ತಿತ್ತು.
ಮತ್ತೊಮ್ಮೆ ಎಣಿಸಲು ಜೊಂಡು ಬಿಡಲಿಲ್ಲ.

ಕಡತ ವಾಪಸು ಬಂದಿದೆ. ಕೆಂಪು ಶಾಯಿಯಲ್ಲಿ ಒಂದೇ ಪ್ರಶ್ನೆ:
ಎಷ್ಟು ನೀರು?

ಮೂರು ದಿನದಿಂದ ಮೇಜಿನ ಮೇಲಿದೆ.
ದೇವನಕ್ಕಿಗೆ ಒಂದು ಎಲೆಯ ದಪ್ಪ.
ಪಿಳ್ಳಮ್ಮನಿಗೆ ಮೊಣಕಾಲು, ಶ್ರಾವಣದಲ್ಲಿ ಇನ್ನೂ ಸ್ವಲ್ಪ ಮೇಲೆ.
ಬಚ್ಚಪ್ಪನ ಚಪ್ಪಲಿ ಹೋಗಿ ಎರಡು ತಿಂಗಳಾಯಿತು,
ತಳ ಮುಟ್ಟಿದ ಸುದ್ದಿ ಇನ್ನೂ ಬಂದಿಲ್ಲ.