ಅರವತ್ತೊಂದು ಸೆಂಟಿಮೀಟರ್

ಮಂಗಳವಾರ ನಸುಕಿಗೆ, ಕಿಂಚಾವ್ ದ್ವೀಪದ ಈಚೆ,
ಫ್ರಿಜ್ಜಿನಲ್ಲಿ ಲಸಿಕೆ, ತಳದಲ್ಲಿ ಮರುವಾಯಿ ಹೇರಿಕೊಂಡು
ಹೋಗುತ್ತಿದ್ದಾಗ ಜನರೇಟರ್ ನಿಂತಿತು.
ಕೆಮ್ಮಲಿಲ್ಲ, ಹೊಗೆ ಉಗುಳಲಿಲ್ಲ,
ಮಾತಿನ ನಡುವೆ ಎದ್ದುಹೋದ ನೆಂಟನ ಹಾಗೆ
ಇತ್ತು, ಇಲ್ಲವಾಯಿತು.
ಇಪ್ಪತ್ತೇಳು ವರ್ಷ ಅದರ ಗುಡುಗುಡು ಕೇಳಿ
ನನಗೆ ಕೇಳಿಸುವುದೇ ಬಿಟ್ಟಿತ್ತು.
ನಿಂತ ಮೇಲೆ ಕೇಳಿಸಿತು.

ಒರೊಸಿಂಬೊ ಬಂದ. ಎಡಗಿವಿ ಕೇಳದು ಅವನಿಗೆ,
ಅದನ್ನು ಡೀಸೆಲ್ಲಿಗೆ ಕೊಟ್ಟೆ ಅನ್ನುತ್ತಾನೆ.
ಮೊಣಕೈವರೆಗೆ ಯಂತ್ರದೊಳಗೆ ತೂರಿಸಿ,
ಸೂಲಗಿತ್ತಿಯಂತೆ ಎತ್ತಲೋ ನೋಡುತ್ತ ಹೇಳಿದ:
"ಉಪ್ಪು ತಿಂದವರು ನೀರು ಕುಡಿಯಬೇಕಂತೆ.
ಇದು ಮೊದಲು ನೀರು ಕುಡಿಯಿತು,
ಆಮೇಲೆ ಉಪ್ಪೇ ಇದನ್ನು ತಿಂದಿತು."

ತಮ್ಮ ಲಿಸಾಂಡ್ರೊಗೆ ದೊಡ್ಡದೇ ಬೇಕು.
ಹದಿನೈದು ಕಿಲೋವ್ಯಾಟ್, ಬೆಳ್ಳಗೆ ಹೊಳೆಯುವ ಪೆಟ್ಟಿಗೆ.
"ಒಂದು ಸಲ ತಂದರೆ ಸಾಯುವವರೆಗೆ ಚಿಂತೆಯಿಲ್ಲ."
ಸಾಯುವುದು ಯಾರು ಎಂದು ಹೇಳಲಿಲ್ಲ.

ನಾನು ಐಸ್ ಬಿಲ್ಲಿನ ಬೆನ್ನಿಗೆ ಲೆಕ್ಕ ಬರೆದೆ:
ಫ್ರಿಜ್ಜು, ತಳದ ನೀರೆತ್ತುವ ಪಂಪು, ರೇಡಿಯೊ,
ದೀಪ ಐದು, ಅದರಲ್ಲಿ ಒಂದು ಉರಿಯದು,
ಟೀಚರ್ ದೋರಾಲಿಸಾ ಹತ್ತಿದ ದಿನ ಅವಳ ಕೆಟಲ್.
ಫ್ರಿಜ್ಜು ನಿದ್ದೆಯಿಂದೇಳುವಾಗ ಮೂರು ಪಟ್ಟು ಎಳೆಯುತ್ತದೆ,
ಅದನ್ನೂ ಸೇರಿಸಿದೆ.
ನಾಲ್ಕು ದಾಟಿತು, ಐದು ಮುಟ್ಟಲಿಲ್ಲ.

ಒರೊಸಿಂಬೊ ಚೀಟಿ ಓದಿ ತಮ್ಮನ ಕಡೆ ತಿರುಗಿದ.
"ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಮನುಷ್ಯರ ಮಾತು.
ಎಂಜಿನ್ನಿಗೆ ಅದನ್ನು ತಿರುವಿ ಹಾಕಬೇಕು:
ಕಾಲಿದ್ದಷ್ಟೇ ಹಾಸಿಗೆ ಕೊಳ್ಳು.
ದೊಡ್ಡದಕ್ಕೆ ಸಣ್ಣ ಕೆಲಸ ಕೊಟ್ಟರೆ ಮೈ ಬಿಸಿಯೇರದು,
ಸುಡದ ಎಣ್ಣೆ ಗಂಟಲಲ್ಲಿ ಮಸಿಯಾಗಿ ಕಟ್ಟುತ್ತದೆ.
ದುಡಿದು ಸತ್ತ ಎಂಜಿನ್ ಕಂಡಿದ್ದೇನೆ, ನಾಲ್ಕೋ ಐದೋ.
ಕೂತು ಸತ್ತವುಗಳ ಲೆಕ್ಕ ಇಟ್ಟಿಲ್ಲ."

ಪ್ವೆರ್ತೊ ಮೊಂತ್‌ನ ಅಂಗಡಿಯಲ್ಲಿ
ಉಪ್ಪು ಕಾಣದ ಬೂಟು ಹಾಕಿದ ಹುಡುಗ ಎರಡು ತೋರಿಸಿದ.
ನಿಮಿಷಕ್ಕೆ ಮೂರು ಸಾವಿರ ಸುತ್ತುವುದು ಹಗುರ, ಅಗ್ಗ.
ಅದರರ್ಧ ಸುತ್ತುವುದು ಭಾರ, ಬೆಲೆ ಒಂದೂವರೆ ಪಟ್ಟು.
ಎರಡಕ್ಕೂ ಗ್ಯಾರಂಟಿ ಇದೆ ಅಂದ.
ಕಾಗದ ದ್ವೀಪದವರೆಗೆ ಈಜುತ್ತದೆಯೇ ಎಂದು ಕೇಳಬೇಕೆನಿಸಿತು.
ಕೇಳಲಿಲ್ಲ. ಕಣ್ಣು ಮುಚ್ಚಿದೆ.

ಮಂಡಿಯೂರಿ, ಒಂದೇ ಕೈಯಲ್ಲಿ
(ದೋಣಿ ಹೊಯ್ದಾಡುವಾಗ ಇನ್ನೊಂದು ಕೈ
ನನ್ನನ್ನೇ ಹಿಡಿದುಕೊಳ್ಳಲು ಬೇಕು)
ಇಂಪೆಲರ್ ಹುಡುಕಿದೆ.
ಅಗ್ಗದ್ದರಲ್ಲಿ ಅದು ಹಿಂದೆ, ಗೋಡೆಯ ಕಡೆ,
ಬೆರಳಿನ ಚರ್ಮ ಕೊಟ್ಟರೆ ಸಿಗುತ್ತದೆ.
ಇನ್ನೊಂದರಲ್ಲಿ ಎಣ್ಣೆಕಡ್ಡಿ, ಫಿಲ್ಟರ್, ಇಂಪೆಲರಿನ ತಿರುಪು
ಎಲ್ಲ ಒಂದೇ ಮಗ್ಗುಲಲ್ಲಿ,
ಕರೆಂಟು ಹೋದರೂ ಕೈಗೆ ಸಿಗುವ ಸಾಸಿವೆ ಡಬ್ಬಿಯ ಹಾಗೆ.

ಕಣ್ಣು ಬಿಟ್ಟಾಗ ಹುಡುಗ ಸುಮ್ಮನಿದ್ದ.
ಲಿಸಾಂಡ್ರೊ ಟೇಪು ಬಿಚ್ಚಿ ಅಳೆಯುತ್ತಿದ್ದ.
ಅಗಲ ಐವತ್ತೆಂಟು. ನಮ್ಮ ಡೆಕ್ಕಿನ ಬಾಯಿ ಅರವತ್ತೊಂದು.
"ಬೆಣ್ಣೆ ಹಚ್ಚಿದರೆ ಇಳಿಯುತ್ತದೆ" ಅಂದ.
ಆ ವಾರ ಅವನಾಡಿದ ಮೊದಲ ಒಳ್ಳೆಯ ಮಾತು.
ಬೆಲೆ ಕೇಳಬೇಡಿ. ಅವನ ಮೋಟಾರ್‌ಸೈಕಲ್ಲನ್ನು ಈಗ
ಅಚಾವ್‌ನಲ್ಲಿ ಬೇರೆ ಯಾರೋ ಓಡಿಸುತ್ತಾರೆ.

ಹಳೆಯದರ ಅಗಲ ಅರವತ್ತನಾಲ್ಕು.
ಅಪ್ಪ ಅದನ್ನು ಮೊದಲು ಕೂರಿಸಿ
ಆಮೇಲೆ ಡೆಕ್ಕಿಗೆ ಹಲಗೆ ಹೊಡೆದಿದ್ದ;
ಹೊರಬರುವ ದಿನವನ್ನು ಅವನು ಅಳೆಯಲಿಲ್ಲ.
ಮೂರು ದಿನ ಬಿಚ್ಚಿ ಬಿಚ್ಚಿ ಬಕೆಟ್ಟಿನಲ್ಲಿ ಎತ್ತಿದೆವು.
ಬ್ಲಾಕ್ ಮಾತ್ರ ಬರಲಿಲ್ಲ.

ಹೊಸದು ಕೂತ ಮೇಲೆ 'ರೊಸೆಂದಾ'
ಬಲಕ್ಕೆ ಎರಡು ಬೆರಳು ವಾಲಿದಳು.
ಒರೊಸಿಂಬೊ ಕಟ್ಟೆಯ ಮೇಲಿಂದ ತಲೆ ವಾರೆ ಮಾಡಿ ನೋಡಿದ,
ಹಳೆಯ ಬ್ಲಾಕನ್ನು ಎಡಕ್ಕೆ ತಳ್ಳಿಸಿ
ನಾಲ್ಕು ಬೋಲ್ಟು ಬಿಗಿದ.
ಈಗ ಅದು ಏನೂ ಮಾಡದೆ
ಹಗಲಿರುಳು ಕೆಲಸದಲ್ಲಿದೆ.

ಹೊಸದರ ಸದ್ದು ನನಗಿನ್ನೂ ಕೇಳಿಸುತ್ತದೆ.
ಕೇಳಿಸದಾಗಲು ವರ್ಷಗಳು ಬೇಕು.
ಐದನೆಯ ದೀಪ ಉರಿಯುವುದಿಲ್ಲ, ಈಗಲೂ.
ತಪ್ಪು ಜನರೇಟರಿನದಲ್ಲವಂತೆ.