ಹದಿನಾಲ್ಕನೇ ಪ್ರಶ್ನೆ

ಕುತಾಯಿಸಿ ಎಂಬ ಊರು. ಮಾರ್ಚ್ ತಿಂಗಳು.
ಸೇತುವೆಯ ಕೆಳಗೆ ರಿಯೋನಿ ನದಿ ಚಹಾದ ಬಣ್ಣಕ್ಕೆ ತಿರುಗಿದೆ.
ಎತೇರಿಯ ಬಗಲಲ್ಲಿ ನಲವತ್ತು ಫಾರಂ,
ತುಂಬಿಸಿ ತಂದರೆ ಒಂದಕ್ಕೆ ಮೂರು ಲಾರಿ.
ಲಾರಿಯೆಂದರೆ ಅಲ್ಲಿಯ ದುಡ್ಡು, ಗಾಡಿಯಲ್ಲ;
ಆದರೂ ಅವಳು ಕೇಳಹೊರಟಿದ್ದನ್ನು ಹೇರಲು
ನಮ್ಮ ಲಾರಿಯೂ ಸಾಲದೇನೋ.

ಮೊದಲ ಹದಿಮೂರು ಸಲೀಸು:
ವಯಸ್ಸು, ಕಸುಬು, ಮನೆಯಲ್ಲಿ ಎಷ್ಟು ಜನ, ಚಳಿಗೆ ಯಾವ ಒಲೆ.
ಹದಿನಾಲ್ಕನೆಯದು ಹೀಗಿದೆ:
'ಒಂದು ವರ್ಷ, ಆಳುವವರ ಬಗ್ಗೆ,
ಬಾಯಲ್ಲಾಗಲಿ ಬರಹದಲ್ಲಾಗಲಿ
ಏನೂ ಆಡದೆ ಇರಲು
ಕನಿಷ್ಠ ಎಷ್ಟು ಹಣ ಕೊಟ್ಟರೆ ಒಪ್ಪುತ್ತೀರಿ?'
ಕೆಳಗೆ ಐದು ಚೌಕ. ಒಂದಕ್ಕೆ ಗುರುತು ಹಾಕಿ.

ಅಕ್ರೋಟು ಮಾರುವ ತ್ಸಿಯಾಲಾ ಚೌಕಾಸಿಗೇ ಕೂತಳು.
'ಇನ್ನೂರು. ಬೇಡ, ಮುನ್ನೂರು ಬರಿ, ಸೂರು ಸೋರುತ್ತದೆ.
ನನಗೇನು, ಯಾರ ಸುದ್ದಿಗೂ ಹೋಗುವವಳಲ್ಲ' ಎನ್ನುತ್ತ
ತಕ್ಕಡಿಗೆ ಕಾಯಿ ಸುರಿಯುತ್ತಲೇ
ಮೇಯರನ, ಅವನ ಭಾಮೈದನ, ಅವರು ಹಾಕಿಸಿದ ಟಾರಿನ
ಜನ್ಮ ಜಾಲಾಡಿದಳು,
ಮೂವರು ಗಿರಾಕಿಗಳು ನಿಂತು ತಲೆದೂಗುವಷ್ಟು ಹೊತ್ತು.
ಎತೇರಿ ಮುನ್ನೂರರ ಚೌಕಕ್ಕೆ ಗುರುತು ಹಾಕಿದಳು.

ಕಾಲೇಜು ಹುಡುಗ ಗೋಚಾ ಎದೆ ಸೆಟೆಸಿ
'ಕೋಟಿ ಕೊಟ್ಟರೂ ಇಲ್ಲ. ದಪ್ಪಕ್ಷರದಲ್ಲಿ ಬರಿ' ಎಂದ.
ಹತ್ತು ಹೆಜ್ಜೆ ಹೋಗಿ ಮರಳಿ ಬಂದ:
'ಇದರಲ್ಲಿ ನನ್ನ ಹೆಸರು ಇರುತ್ತದೆಯೇ?'

ಮೂರನೇ ಮಹಡಿಯಲ್ಲಿ ಗಂಡ ಉತ್ತರಿಸಿದ.
'ನನ್ನದು ಐದು ಸಾವಿರ.
ಅವಳದೂ ಅಷ್ಟೇ. ಅಲ್ಲ, ಅವಳದು ಕಡಿಮೆ ಬರಿ,
ಅವಳು ಮಾತಾಡುವುದೇ ಇಲ್ಲ.'
ಅವಳು ಒಲೆಯ ಮುಂದೆ, ಬೆನ್ನು ಇತ್ತ.
ಕಾಫಿ ಉಕ್ಕಿತು. ಉರಿ ತಗ್ಗಿಸಲಿಲ್ಲ.
ಅದಕ್ಕೂ ಒಂದು ಸಂಕೇತ ಉಂಟು: ತೊಂಬತ್ತೊಂಬತ್ತು,
ಉತ್ತರಿಸಲಿಲ್ಲ.

ಕೊನೆಯ ಮನೆ ಸೆವೆರಿಯನನದು.
ಪತ್ರಿಕೆಗೆ ಅಚ್ಚಿನ ಮೊಳೆ ಜೋಡಿಸಿದ ಕೈ,
ಉಗುರಿನ ಸಂದಿಯಲ್ಲಿ ಸೀಸದ ಕಪ್ಪು ಇನ್ನೂ.
'ತಡವಾಗಿ ಬಂದೆ ಮಗಳೇ, ನಾನು ಆಗಲೇ ಮಾರಿಯಾಯಿತು.
ಎಪ್ಪತ್ತೆರಡನೇ ಇಸವಿ. ಗೆಳೆಯನನ್ನು ಒಯ್ದಿದ್ದರು.
ಅವನ ಪರ ನಾನೊಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ.
ಬಂತು ಎರಡು ಕೋಣೆಯ ಮನೆ, ಒಂದು ಟೆಲಿಫೋನು.
ಫೋನಿಗೆ ಆಗ ಹನ್ನೊಂದು ವರ್ಷದ ಸರತಿ,
ನನಗೆ ಮೂರೇ ವಾರಕ್ಕೆ ತಂದು ಜೋಡಿಸಿದರು.
ಯಾರಿಗೆ ಮಾಡುವುದು? ಇದ್ದ ಗೆಳೆಯ ಅವನೊಬ್ಬ.'

ಪೆನ್ಸಿಲ್ ಇಸಿದುಕೊಂಡು ತಾನೇ ಲೆಕ್ಕ ಹಾಕಿದ,
ಇಂದಿನ ಬೆಲೆಯಲ್ಲಿ, ವರ್ಷಕ್ಕೆ ಹಂಚಿ, ಸವಕಳಿ ಕಳೆದು.
ಮೊತ್ತ ತ್ಸಿಯಾಲಾಳ ಸೂರಿನ ಹತ್ತಿರ ಹತ್ತಿರ ಬಂತು.
ಆಮೇಲೆ ಕಾಗದ ತಿರುವಿ ಮುರುವಿ ನೋಡಿ,
'ಮಾರುವವರ ವಯಸ್ಸು, ಮನೆ, ಒಲೆ ಎಲ್ಲ ಕೇಳಿದ್ದೀರಿ.
ಕೊಳ್ಳುವವನಿಗೆ ಒಂದು ಚೌಕವೂ ಇಲ್ಲವಲ್ಲ.'

ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತೇವೆ ನಾವು.
ಆ ದರ ಗೊತ್ತು ಮಾಡಿದ ಚಿನಿವಾರ ಯಾರೋ,
ಅವನ ಅಂಗಡಿ ಯಾವ ಬೀದಿಯಲ್ಲೋ.

ಬಸ್ಸಿನಲ್ಲಿ ಎತೇರಿ ತನ್ನ ಕರಾರು ಪತ್ರ
ಮೊದಲ ಬಾರಿ ಪೂರ್ತಿ ಓದಿದಳು.
ಕಲಮು ಏಳು: ಸಮೀಕ್ಷೆಯಲ್ಲಿ ಕೇಳಿಸಿಕೊಂಡಿದ್ದನ್ನು
ಯಾರೊಂದಿಗೂ ಆಡತಕ್ಕದ್ದಲ್ಲ. ಕೆಳಗೆ ಅವಳದೇ ಸಹಿ.
ನಲವತ್ತು ಮೂರಲೆ ನೂರಿಪ್ಪತ್ತು.
ಪಕ್ಕದ ಸೀಟಿನ ಹೆಂಗಸು ಬುಟ್ಟಿ ಸರಿಸಿ ಕೇಳಿದಳು:
'ಇಡೀ ದಿನ ತಿರುಗಿದ ಹಾಗಿದೆ. ಏನಂತಾರೆ ಜನ?'